ತಂತಿ ಎಳೆದವನ ಊರಿನಲ್ಲಿ: ಇಥಾಕಾದ ಒಂದು ಶರತ್ಕಾಲ

ಗುರುವಾರ: ಬೆಟ್ಟ ಹತ್ತುವ ಬಸ್ಸು

ನ್ಯೂಯಾರ್ಕ್ ನಗರದಿಂದ ಇಥಾಕಾಕ್ಕೆ ಬಸ್ಸಿನಲ್ಲಿ ಸುಮಾರು ಐದು ತಾಸಿನ ದಾರಿ. ಟಿಕೆಟ್ಟುಗಳನ್ನು ಅಕ್ಕನ ಮಗಳು ಮೊದಲೇ ತೆಗೆದು ಕಳಿಸಿದ್ದಳು. ಡೆಲಾವೇರ್ ನದಿ ಬೆಟ್ಟಸಾಲನ್ನು ಸೀಳಿಕೊಂಡು ಹೊರಬೀಳುವ ಕಣಿವೆ ಬರುವವರೆಗೆ ನಾನು ಕಿಟಕಿಯಾಚೆ ಅಷ್ಟಾಗಿ ನೋಡಿರಲಿಲ್ಲ. ಅಲ್ಲಿಂದ ಮುಂದೆ ಕಣ್ಣು ಕೀಳಲಾಗಲಿಲ್ಲ. ಅಕ್ಟೋಬರ್ ನಡುಭಾಗ. ಮೇಪಲ್ ಮರಗಳು ಕುಂಕುಮ, ಅರಿಸಿನ, ಕಾವಿ ಬಣ್ಣಗಳಲ್ಲಿ ಗುಡ್ಡದ ಬುಡದಿಂದ ನೆತ್ತಿಯವರೆಗೆ ನಿಂತಿದ್ದವು. ಬಿಂಗ್‌ಹ್ಯಾಮ್ಟನ್ ದಾಟಿದ ಮೇಲೆ ಮಳೆ ಹಿಡಿಯಿತು. ಈ ಕಡೆ ಬರುವವರು ಬಿಸಿಲು ಕಂಡಿತೆಂದು ಕೊಡೆಯನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಬಾರದು. ಒಂದೇ ಮಧ್ಯಾಹ್ನದಲ್ಲಿ ಎಳೆಬಿಸಿಲು, ಜಡಿಮಳೆ, ಚಳಿಗಾಳಿ ಮೂರೂ ಬಂದುಹೋಗುತ್ತವೆ.

ಅಮೆರಿಕಕ್ಕೆ ಬಂದ ನಮ್ಮವರು ಸಾಮಾನ್ಯವಾಗಿ ನಯಾಗರಾಕ್ಕೆ ಓಡುತ್ತಾರೆ. ನನಗೆ ಇಥಾಕಾ ನೋಡಬೇಕಿತ್ತು. ನಾನು ಹುಬ್ಬಳ್ಳಿಯ ತಂತಿ ಕಚೇರಿಯಲ್ಲಿ ಟೆಲಿಗ್ರಾಫಿಸ್ಟ್ ಆಗಿ ಕೆಲಸಕ್ಕೆ ಸೇರಿದವಳು. ಮೋರ್ಸ್ ಕೀಲಿಯ ಮೇಲೆ ಬೆರಳಿಟ್ಟು ಸಾವಿನ ಸುದ್ದಿ, ಹೆರಿಗೆಯ ಸುದ್ದಿ, ನೌಕರಿಯ ಸುದ್ದಿಗಳನ್ನೆಲ್ಲ ಕಳಿಸಿದ್ದೇನೆ. 2013ರ ಜುಲೈಯಲ್ಲಿ ನಮ್ಮ ದೇಶದಲ್ಲಿ ತಂತಿ ಸೇವೆ ನಿಂತಾಗ ಮನೆಯಲ್ಲಿ ಸೂತಕವಾದಂತೆ ಕುಳಿತಿದ್ದೆ. ಮೋರ್ಸ್ ಸಾಹೇಬನ ಹೆಸರನ್ನು ತರಬೇತಿಯ ಮೊದಲ ದಿನವೇ ಹೇಳಿಕೊಟ್ಟರು. ಆದರೆ ಆ ತಂತಿಯನ್ನು ಮಣ್ಣಿನಿಂದ ಎತ್ತಿ ಕಂಬದ ಮೇಲೆ ಕೂರಿಸಿದ ಎಜ್ರಾ ಕಾರ್ನೆಲ್‌ನ ಹೆಸರನ್ನು ಯಾರೂ ಹೇಳಿರಲಿಲ್ಲ. ಅಕ್ಕನ ಮಗಳು ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆ ಸೇರಿದ ಮೇಲೆಯೇ ಆತನ ಬಗ್ಗೆ ಹುಡುಕಿ ಓದಲು ತೊಡಗಿದೆ.

ಬಸ್ ನಿಲ್ದಾಣಕ್ಕೆ ಅವಳೇ ಬಂದಿದ್ದಳು. “ಮೌಶಿ, ಕಾಕಾ, ಮೊದಲು ಉಪ್ಪಿಟ್ಟು, ಆಮೇಲೆ ನಿಮ್ಮ ಎಜ್ರಾ” ಎಂದಳು. ನಮ್ಮ ಮನೆಯವರಿಗೆ ಬೇಕಿದ್ದದ್ದೂ ಅದೇ.

ಶುಕ್ರವಾರ: ಗುಡ್ಡದ ಮೇಲಿನ ಹೊಲ

ಕೆಳಗೆ ಊರು, ಮೇಲೆ ವಿಶ್ವವಿದ್ಯಾಲಯ, ನಡುವೆ ಆಳವಾದ ಕಂದರ. ನಗರದ ಬಸ್ಸು ಮೇಲಕ್ಕೆ ಒಯ್ಯುತ್ತದೆ. ಆದರೆ ಮೊಣಕಾಲು ಒಪ್ಪಿದರೆ ಕ್ಯಾಸ್ಕಡಿಲಾ ಕಂದರದೊಳಗಿನ ಕಲ್ಲುಮೆಟ್ಟಿಲುಗಳನ್ನು ಹತ್ತಿಯೇ ಹೋಗಬೇಕು. ಚಳಿಗಾಲದಲ್ಲಿ ಆ ದಾರಿ ಮುಚ್ಚಿರುತ್ತದೆ. ನಾವು ಹೋದಾಗ ತೆರೆದಿತ್ತು. ಎರಡೂ ಪಕ್ಕ ತೆಳ್ಳನೆಯ ಪದರ ಪದರವಾದ ಕಲ್ಲಿನ ಗೋಡೆ, ಹೆಜ್ಜೆಗೊಂದು ಪುಟ್ಟ ಜಲಪಾತ, ಒದ್ದೆ ಎಲೆಗಳ ವಾಸನೆ. ಅರ್ಧ ಹತ್ತುವಷ್ಟರಲ್ಲಿ ನಮ್ಮ ಮನೆಯವರ ಎಡಗಾಲಿನ ಬೂಟಿನ ಅಟ್ಟೆ ಪೂರ್ತಿ ಬಿಟ್ಟುಕೊಂಡಿತು. ಎದುರಿನಿಂದ ಇಳಿಯುತ್ತಿದ್ದ ಹುಡುಗಿಯೊಬ್ಬಳು ನಿಂತು, ತನ್ನ ಚೀಲದಿಂದ ಅಂಟುಪಟ್ಟಿ ತೆಗೆದು, ಮಂಡಿಯೂರಿ ಕುಳಿತು ಬೂಟಿಗೆ ಮೂರು ಸುತ್ತು ಸುತ್ತಿಕೊಟ್ಟಳು. ಹೆಸರು ಕೇಳುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಆ ಪಟ್ಟಿ ಸಂಜೆಯವರೆಗೂ ಗಟ್ಟಿಯಾಗಿತ್ತು.

ಮೇಲೆ ಹುಲ್ಲುಹಾಸಿನ ಅಂಗಳ. ಅದರ ಒಂದು ಬದಿಗೆ ಎಜ್ರಾ ಕಾರ್ನೆಲ್‌ನ ಕಂಚಿನ ಪ್ರತಿಮೆ. ಹರ್ಮನ್ ಮ್ಯಾಕ್‌ನೀಲ್ ಎಂಬ ಶಿಲ್ಪಿಯ ಕೆಲಸ, 1919ರಲ್ಲಿ ನಿಲ್ಲಿಸಿದ್ದು. ಎತ್ತರದ ಮನುಷ್ಯ, ಉದ್ದನೆಯ ಕೋಟು, ಬಿಗಿದ ತುಟಿ. ನಾನು ಪ್ರತಿಮೆಯ ಹಿಂದಕ್ಕೆ ಹೋದೆ. ಅಲ್ಲಿತ್ತು ತಂತಿಯಂತ್ರ! ಕಂಚಿನಲ್ಲೇ ಎರಕ ಹೊಯ್ದದ್ದು. ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವವರಿಗೆ ಅದು ಕಾಣುವುದೇ ಇಲ್ಲ. ನಾನು ಅದನ್ನು ಮುಟ್ಟಿ ನಮಸ್ಕಾರ ಮಾಡಿದೆ. ಕೆಲಸ ಮಾಡಿದ ಕೈಗೆ ಯಂತ್ರವೂ ದೇವರೇ. ಆಯುಧಪೂಜೆಯ ದಿನ ನಮ್ಮ ಕಚೇರಿಯಲ್ಲಿ ಕೀಲಿಗೆ ಕುಂಕುಮ ಹಚ್ಚುತ್ತಿದ್ದೆವು.

ಆತನ ಕತೆಯನ್ನು ಅಲ್ಲೇ ಕಟ್ಟೆಯ ಮೇಲೆ ಕುಳಿತು ಮನೆಯವರಿಗೆ ಹೇಳಿದೆ. ಹುಟ್ಟಿದ್ದು 1807ರಲ್ಲಿ, ಕುಂಬಾರಿಕೆ ಮಾಡುತ್ತಿದ್ದ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆಯಲ್ಲಿ. ಶಾಲೆ ಕಂಡದ್ದು ಕಡಿಮೆ. ಹದಿನೆಂಟರ ಆಸುಪಾಸಿನಲ್ಲೇ ತಂದೆತಾಯಿಗೆ ಎರಡಂತಸ್ತಿನ ಮರದ ಮನೆ ಕಟ್ಟಿಕೊಟ್ಟ. 1828ರಲ್ಲಿ ಬಡಗಿಯಾಗಿ ಇಥಾಕಾಕ್ಕೆ ಬಂದ. ಪಂಥದ ಹೊರಗಿನ ಮೇರಿ ಆ್ಯನ್ ವುಡ್‌ಳನ್ನು 1831ರಲ್ಲಿ ಮದುವೆಯಾದದ್ದಕ್ಕೆ ಕ್ವೇಕರರು ಆತನನ್ನು ಹೊರಹಾಕಿದರು. ತಪ್ಪಾಯಿತೆಂದರೆ ಮತ್ತೆ ಸೇರಿಸಿಕೊಳ್ಳುತ್ತೇವೆ ಎಂದರಂತೆ, ಆತ ಹೇಳಲಿಲ್ಲ. ಇಥಾಕಾದಲ್ಲಿ ಮಾಡುತ್ತಿದ್ದ ಗಿರಣಿಯ ಕೆಲಸ ತಪ್ಪಿದ ಮೇಲೆ ಹೊಸ ಬಗೆಯ ನೇಗಿಲೊಂದರ ಮಾರಾಟದ ಹಕ್ಕು ಕೊಂಡು, ಮೇನ್ ಮತ್ತು ಜಾರ್ಜಿಯಾ ರಾಜ್ಯಗಳಲ್ಲಿ ಹೆಚ್ಚಿನ ದಾರಿಯನ್ನು ಕಾಲ್ನಡಿಗೆಯಲ್ಲೇ ಅಲೆದ. ನೇಗಿಲು ಹೆಚ್ಚೇನೂ ಬಿಕರಿಯಾಗಲಿಲ್ಲ. ಆದರೆ ಮೇನ್‌ನಲ್ಲಿ, 1843ರಲ್ಲಿ, ಎಫ್. ಓ. ಜೆ. ಸ್ಮಿತ್ ಎಂಬ ಗುತ್ತಿಗೆದಾರ ಕೊಳವೆ ಹೂಳುವುದು ಹೇಗೆಂದು ತಿಳಿಯದೆ ತಲೆ ಕೆಡಿಸಿಕೊಂಡು ಕುಳಿತಿದ್ದ. ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ, ಸುಮಾರು 40 ಮೈಲಿ, ಸೀಸದ ಕೊಳವೆಯೊಳಗೆ ತಂತಿ ಇಟ್ಟು ನೆಲದಡಿ ಹೂಳಬೇಕಿತ್ತು. ಇದಕ್ಕೆ ಅಮೆರಿಕದ ಸಂಸತ್ತು ಮೋರ್ಸ್‌ಗೆ ಕೊಟ್ಟಿದ್ದು 30,000 ಡಾಲರ್. ಕಾರ್ನೆಲ್ ಒಂದು ನೇಗಿಲು ಮಾಡಿಕೊಟ್ಟ: ಹೇಸರಗತ್ತೆಗಳು ಎಳೆದಂತೆ ಅದು ನೆಲ ಸೀಳಿ, ಕೊಳವೆಯಿಟ್ಟು, ಹಿಂದೆಯೇ ಮಣ್ಣು ಮುಚ್ಚಿಕೊಂಡು ಹೋಗುತ್ತಿತ್ತು.

ಕೆಲವು ಮೈಲಿ ಹೂಳುವಷ್ಟರಲ್ಲಿ ಒಳಗಿನ ತಂತಿಯ ಹೊದಿಕೆ ಕೆಟ್ಟು ವಿದ್ಯುತ್ತು ಸೋರುತ್ತಿದೆ ಎಂದು ಗೊತ್ತಾಯಿತು. ಪತ್ರಿಕೆಯವರಿಗೆ ತಿಳಿಯದಂತೆ ಕೆಲಸ ನಿಲ್ಲಿಸಬೇಕು. ಕಾರ್ನೆಲ್ ನೇಗಿಲನ್ನು ಬೇಕೆಂದೇ ಬಂಡೆಗೆ ಹಾಯಿಸಿ ಮುರಿದ. ನೇಗಿಲು ಮುರಿಯಿತು, ಅದಕ್ಕೇ ಕೆಲಸ ನಿಂತಿತು ಎಂದು ಸುದ್ದಿಯಾಯಿತು. ಆ ಚಳಿಗಾಲವನ್ನು ವಿದ್ಯುತ್ತಿನ ಪುಸ್ತಕಗಳನ್ನು ಓದುತ್ತ ವಾಷಿಂಗ್ಟನ್‌ನಲ್ಲಿ ಕಳೆದು, ತಂತಿಯನ್ನು ಕಂಬಗಳ ಮೇಲೆ ಗಾಜಿನ ನಡುವೆ ಹಿಡಿಸಬೇಕು ಎಂಬ ತೀರ್ಮಾನಕ್ಕೆ ಬಂದ. ವಿಜ್ಞಾನಿ ಜೋಸೆಫ್ ಹೆನ್ರಿಯೂ ಕಾರ್ನೆಲ್‌ನ ವಿಧಾನವೇ ಸರಿ ಎಂದರು. 1844ರ ಮೇ 24ರಂದು ಮೊದಲ ಅಧಿಕೃತ ಸಂದೇಶ ಹೋದದ್ದು ಆ ಕಂಬಗಳ ಮೇಲಿಂದಲೇ.

ನಮ್ಮಲ್ಲಿ ಗದ್ದೆಗಳ ನಡುವೆ ಕಂಬದಿಂದ ಕಂಬಕ್ಕೆ ಹೋಗುತ್ತಿದ್ದ ತಂತಿ, ಅದರ ಮೇಲೆ ಸಾಲಾಗಿ ಕೂರುವ ಹಕ್ಕಿಗಳು, ಕಂಬಕ್ಕೆ ಕಿವಿಯಾನಿಸಿ ಗುಂಯ್ ಎನ್ನುವ ಸದ್ದು ಕೇಳುತ್ತಿದ್ದ ಮಕ್ಕಳು! ಆ ನೋಟದ ಬೇರು ಹುಡುಕಿಕೊಂಡು ಹೋದರೆ ಈ ಬಡಗಿಯ ಒಂದು ಚಳಿಗಾಲದ ಓದು ಸಿಗುತ್ತದೆ. ನನಗೆ ಇದು ಸಣ್ಣ ವಿಷಯವಲ್ಲ.

ಸಂಜೆ ಮ್ಯಾಕ್‌ಗ್ರಾ ಗೋಪುರದ 161 ಮೆಟ್ಟಿಲು ಹತ್ತಿದೆವು. ಗಂಟೆ ಬಾರಿಸುವುದನ್ನು ಪಕ್ಕದಲ್ಲೇ ನಿಂತು ನೋಡಲು ಬಿಡುತ್ತಾರೆ. ವೇಳೆ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ವಿದ್ಯಾರ್ಥಿಯೊಬ್ಬ ಮರದ ಹಿಡಿಕೆಗಳನ್ನು ಕೈಯಿಂದ ಒತ್ತುತ್ತ, ಕಾಲಿನಿಂದ ತುಳಿಯುತ್ತ ಬಾರಿಸುತ್ತಿದ್ದ. 1868ರ ಅಕ್ಟೋಬರ್ 7ರಂದು ವಿಶ್ವವಿದ್ಯಾಲಯ ತೆರೆದಾಗ ಜೆನ್ನಿ ಮ್ಯಾಕ್‌ಗ್ರಾ ಕೊಟ್ಟ ಒಂಬತ್ತು ಗಂಟೆಗಳು ಮರದ ಚೌಕಟ್ಟಿನಲ್ಲಿ ತೂಗುತ್ತಿದ್ದವಂತೆ. ಮೊದಲ ವರ್ಷ ಸೇರಿದ ವಿದ್ಯಾರ್ಥಿಗಳು 412. ಆಗ ಈ ಗುಡ್ಡವೆಲ್ಲ ಕಾರ್ನೆಲ್‌ನ ಹೊಲ. ಮೇಲಿನಿಂದ ನೋಡಿದರೆ ಕಯೂಗಾ ಸರೋವರ ಬೂದುಬಣ್ಣದಲ್ಲಿ ಉತ್ತರಕ್ಕೆ ಕಣ್ಣು ಹರಿಯುವಷ್ಟು ದೂರ ಚಾಚಿಕೊಂಡಿತ್ತು.

ಶನಿವಾರ: ಸಂತೆ ಮತ್ತು ಸುರಂಗ

ಸರೋವರದ ದಂಡೆಯ ರೈತಸಂತೆ ಶನಿವಾರ ಬಲು ಜೋರು. ಮರದ ಉದ್ದನೆಯ ಚಾವಣಿಯ ಕೆಳಗೆ ಕುಂಬಳ, ಸೇಬು, ಜೇನು, ಚೀಸು. ಎಂಪೈರ್ ಎಂಬ ಸೇಬನ್ನು ಕಚ್ಚಿದರೆ ಸಿಹಿಯ ಹಿಂದೆಯೇ ಹುಳಿ. ಅದು ಇದೇ ರಾಜ್ಯದ ಜಿನೀವಾ ಊರಿನಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯದ ಕೇಂದ್ರದಲ್ಲಿ ಬೆಳೆಸಿದ ತಳಿ ಎಂದು ಅಕ್ಕನ ಮಗಳು ಹೆಮ್ಮೆಯಿಂದ ಹೇಳಿದಳು. ಮೊಮೊ ಮಾರುವ ಸಾಲಿನಲ್ಲಿ ನಿಂತು ನಾವು ಕನ್ನಡದಲ್ಲಿ ಮಾತಾಡುತ್ತಿದ್ದೆವು. ಮುಂದೆ ನಿಂತಿದ್ದ ಟಿಬೆಟನ್ ಅಜ್ಜ ತಿರುಗಿ, “ನೀವು ಹುಬ್ಬಳ್ಳಿ ಕಡೆಯವರೇ?” ಎಂದು ಕನ್ನಡದಲ್ಲೇ ಕೇಳಿದರು. ಮುಂಡಗೋಡದ ಶಿಬಿರದಲ್ಲಿ ಬೆಳೆದವರಂತೆ. ದಲೈ ಲಾಮಾ ಅವರ ನಾಮ್‌ಗ್ಯಾಲ್ ಮಠದ ಶಾಖೆ ಈ ಊರಿನಲ್ಲಿ 1992ರಿಂದ ಇದೆ; ಅಜ್ಜನ ಮಗ ಅದರ ಹತ್ತಿರವೇ ಮನೆ ಮಾಡಿದ್ದಾನಂತೆ. ನಾನು ತಂತಿ ಕಚೇರಿಯವಳು ಎಂದೊಡನೆ ಅವರ ಮುಖ ಅರಳಿತು. “ನಮ್ಮ ಅಣ್ಣ ತೀರಿಕೊಂಡದ್ದು ನನಗೆ ಗೊತ್ತಾದದ್ದು ತಂತಿಯಿಂದಲೇ ತಾಯಿ” ಎಂದರು. ಯಾವ ವರ್ಷ ಎಂದು ಕೇಳಿದೆ. ಆಗ ನಾನು ಇನ್ನೂ ಶಾಲೆಯಲ್ಲಿದ್ದೆ. ಆದರೂ ಅವರ ಕೈ ಹಿಡಿದುಕೊಂಡೆ. ಮೊಮೊದ ಹಣ ಕೊಡಲು ಅವರು ಬಿಡಲಿಲ್ಲ.

ಮಧ್ಯಾಹ್ನ ಇಥಾಕಾ ಜಲಪಾತಕ್ಕೆ ಹೋದೆವು. ಊರೊಳಗೇ ಸುಮಾರು 150 ಅಡಿ ಎತ್ತರದಿಂದ ಫಾಲ್ ಕ್ರೀಕ್ ಮೆಟ್ಟಿಲು ಮೆಟ್ಟಿಲಾಗಿ ಬೀಳುತ್ತದೆ. ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟು ನೀರಿನಲ್ಲಿ ನಿಂತು ಗಾಳ ಹಾಕುತ್ತಿದ್ದವರೊಬ್ಬರನ್ನು ಎಜ್ರಾನ ಸುರಂಗ ಎಲ್ಲಿ ಎಂದು ಕೇಳಿದೆ. ಅವರು ಗಾಳದ ಕೋಲಿನಿಂದಲೇ ಮೇಲಿನ ಬಂಡೆಯನ್ನು ತೋರಿಸಿದರು. ಅವರ ಅಜ್ಜ ಜಲಪಾತದ ಪಕ್ಕದ ಬಂದೂಕಿನ ಕಾರ್ಖಾನೆಯಲ್ಲಿದ್ದರಂತೆ. ಅದು ಈಗ ಇಲ್ಲ. “ಆ ತೂತನ್ನು ಕೊರೆದದ್ದು ದೊಡ್ಡ ಮನುಷ್ಯ ಆಗುವುದಕ್ಕೆ ಮುಂಚೆ. ನಮಗೆ ಇಷ್ಟವಾದ ಎಜ್ರಾ ಅವನೇ” ಎಂದರು.

ನನಗೂ ಹಾಗೆಯೇ ಅನಿಸಿತು. ಜೆರೆಮಿಯಾ ಬೀಬಿಯ ಗಿರಣಿಗೆ ನೀರು ಬರುತ್ತಿದ್ದದ್ದು ಕಡಿದಾದ ಬಂಡೆಗೆ ತಗುಲಿಸಿದ್ದ ಮರದ ಕಾಲುವೆಯಿಂದ. ಅದು ಒಡೆದಾಗಲೆಲ್ಲ ರಿಪೇರಿಗೆ ಹೋದವರ ಜೀವ ಕೈಯಲ್ಲಿ. ಇಪ್ಪತ್ತೈದರೊಳಗಿನ ಕಾರ್ನೆಲ್, ಬಂಡೆಯೊಳಗೇ ಸುಮಾರು 200 ಅಡಿ ಕೊರೆಯೋಣ ಎಂದ. ಸಿಡಿಮದ್ದಿನಿಂದ ಕೊರೆಯಿಸಿಯೂ ತೋರಿಸಿದ. ಮುಂದೆ 1838ರಲ್ಲಿ ಮೇಲ್ಗಡೆ ಒಡ್ಡು ಕಟ್ಟಿ ಮಾಡಿದ ಕೆರೆಯೇ ಈಗಿನ ಬೀಬಿ ಲೇಕ್. ಅದರ ಸುತ್ತಿನ ಕಾಲುದಾರಿ ವಯಸ್ಸಾದವರಿಗೂ ಸಲೀಸು. ಅಲ್ಲಿ ಬಾತುಕೋಳಿಗಳನ್ನು ನೋಡುತ್ತ ಸಂಜೆ ಮಾಡಿದೆವು.

ಭಾನುವಾರ: ಸೋತ ಎರಡು ಊರುಗಳು

ಅಕ್ಕನ ಮಗಳ ಗೆಳತಿ ತನ್ನ ಕಾರು ಕೊಟ್ಟಿದ್ದಳು. ನಾನು ಕೇಳಿದ್ದು ವಿಚಿತ್ರವಾದ ಸುತ್ತು: ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸಿಕ್ಕ ಭೂಮಿ ಯಾವ ಊರುಗಳ ಕೈತಪ್ಪಿತೋ ಆ ಊರುಗಳು.

1862ರ ಮೊರಿಲ್ ಕಾಯಿದೆಯಂತೆ ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜುಗಳಿಗಾಗಿ ರಾಜ್ಯಗಳಿಗೆ ಕೇಂದ್ರ ಸರ್ಕಾರ ಭೂಮಿಯನ್ನು ಇಲ್ಲವೆ ಭೂಮಿಯ ಹಕ್ಕುಪತ್ರಗಳನ್ನು ಕೊಟ್ಟಿತು. ನ್ಯೂಯಾರ್ಕ್ ರಾಜ್ಯದ ಪಾಲು ಸುಮಾರು 9,90,000 ಎಕರೆ. ಹವಾನಾದ ಪೀಪಲ್ಸ್ ಕಾಲೇಜು, ಓವಿಡ್‌ನ ಕೃಷಿ ಕಾಲೇಜು ಎರಡೂ ಕೈಚಾಚಿದವು. 1862ರಿಂದ ಕೆಳಮನೆಯಲ್ಲಿದ್ದು, 1864ರಲ್ಲಿ ರಾಜ್ಯದ ಸೆನೆಟ್‌ಗೆ ಹೋದ ಕಾರ್ನೆಲ್, ಓವಿಡ್ ಕಾಲೇಜಿನ ಧರ್ಮದರ್ಶಿಯೂ ಆಗಿದ್ದ. ಹೀಗಾಗಿ ಎರಡೂ ಕಾಲೇಜುಗಳಿಗೆ ಹಂಚೋಣ ಎಂಬ ಮಸೂದೆಯನ್ನು ಆತನೇ ತಂದ. ಅದನ್ನು ತಡೆದವನು ಶಿಕ್ಷಣ ಸಮಿತಿಯ ಅಧ್ಯಕ್ಷ, ಸೆನೆಟ್ಟಿನಲ್ಲೇ ಚಿಕ್ಕ ವಯಸ್ಸಿನ ಆ್ಯಂಡ್ರೂ ಡಿಕ್ಸನ್ ವೈಟ್. ಹರಿದು ಹಂಚಿದರೆ ಯಾರಿಗೂ ದಕ್ಕುವುದಿಲ್ಲ ಎಂಬುದು ಆತನ ವಾದ. ಎದುರಾಳಿಯ ಮಾತನ್ನು ಕಾರ್ನೆಲ್ ಮನಸ್ಸಿಗೆ ಹಾಕಿಕೊಂಡ. ತಂತಿ ವ್ಯವಹಾರದಿಂದ ಸಿರಿವಂತನಾಗಿದ್ದ ಆತ ಮುಂದೊಂದು ದಿನ ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ ವೈಟ್‌ನ ಬಳಿ ಬಂದು, ನನ್ನ ಕುಟುಂಬಕ್ಕೆ ಬೇಕಾದ್ದಕ್ಕಿಂತ ಐದು ಲಕ್ಷ ಡಾಲರ್ ಹೆಚ್ಚಿದೆ, ಇದರಿಂದ ರಾಜ್ಯಕ್ಕೆ ಏನು ಮಾಡಿದರೆ ಒಳ್ಳೆಯದು ಎಂದು ಕೇಳಿದ. ಈ ಪ್ರಶ್ನೆಯನ್ನು ವೈಟ್ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಹೀಗೆ ಭೂಮಿ ಆ ಎರಡೂ ಊರುಗಳ ಕೈತಪ್ಪಿ ಇಥಾಕಾದ ಹೊಸ ವಿಶ್ವವಿದ್ಯಾಲಯಕ್ಕೆ ಹೋಯಿತು. ತಾನು ಮಂಡಿಸಿದ ಮಸೂದೆಯನ್ನು ಹೊಡೆದುಹಾಕಿದವನ ಹತ್ತಿರವೇ ಸಲಹೆಗೆ ಹೋಗುವ ಶಾಸಕ! ಕಾರ್ನೆಲ್‌ನ ಜೀವನದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇದು. ಕೊಟ್ಟ ಹಣಕ್ಕಿಂತಲೂ ದೊಡ್ಡದು.

ಹವಾನಾ ಈಗ ಮೊಂಟೂರ್ ಫಾಲ್ಸ್. ಮುಖ್ಯ ಬೀದಿಯ ಕೊನೆಯಲ್ಲಿ, ಮನೆಗಳ ಸಾಲು ಮುಗಿಯುವಲ್ಲೇ, ಜಲಪಾತ ಬೀಳುತ್ತದೆ. ಪೀಪಲ್ಸ್ ಕಾಲೇಜಿನ ಕಟ್ಟಡ ಇನ್ನೂ ಇದೆ. ಅಲ್ಲಿ ಈಗ ಅಗ್ನಿಶಾಮಕದವರ ತರಬೇತಿ ನಡೆಯುತ್ತದೆ. ಅಲ್ಲಿಂದ ವಾಟ್ಕಿನ್ಸ್ ಗ್ಲೆನ್ ದಾಟಿ, ಸೆನೆಕಾ ಸರೋವರದ ಪೂರ್ವದಂಡೆ ಹಿಡಿದು ಉತ್ತರಕ್ಕೆ ಹೋದರೆ ದಾರಿಯುದ್ದಕ್ಕೂ ದ್ರಾಕ್ಷಿತೋಟ. ರಸ್ತೆಬದಿಯ ಮೇಜಿನ ಮೇಲೆ ನೀಲಿ ಕಾನ್ಕರ್ಡ್ ದ್ರಾಕ್ಷಿಯ ಬುಟ್ಟಿಗಳು, ಪಕ್ಕದಲ್ಲಿ ಹಣ ಹಾಕುವ ಡಬ್ಬಿ, ಮಾರುವವರು ಯಾರೂ ಇಲ್ಲ. ಚಿಲ್ಲರೆ ನೋಟು ಜೊತೆಗಿರಲಿ.

ಓವಿಡ್ ಇನ್ನು ನಾಲ್ಕು ಮೈಲಿ ಇರುವಾಗ ಕಾರಿನ ಟೈರು ಪಂಕ್ಚರ್ ಆಯಿತು. ಮಳೆ. ಮೊಬೈಲಿಗೆ ಸಿಗ್ನಲ್ ಇಲ್ಲ. ಎದುರಿನ ಹೊಲದ ಮನೆಯಿಂದ ದಂಪತಿ ಬಂದರು. ಗಂಡ ಮಾತಿಲ್ಲದೆ ಜಾಕ್ ಏರಿಸಿದರು; ಹೆಂಡತಿ ನಮ್ಮನ್ನು ಒಳಗೆ ಕೂರಿಸಿ, ದಾಲ್ಚಿನ್ನಿ ಹಾಕಿ ಕಾಯಿಸಿದ ಸೇಬಿನ ರಸ ಕೊಟ್ಟರು. ಕೃಷಿ ಕಾಲೇಜು ನೋಡಲು ಬಂದೆವೆಂದರೆ ಅವರಿಗೆ ಅರ್ಥವಾಗಲಿಲ್ಲ. ಸರೋವರದ ದಂಡೆಯಲ್ಲಿತ್ತಂತಲ್ಲ ಎಂದಾಗ, “ಓ, ವಿಲ್ಲರ್ಡ್!” ಎಂದರು. 1860ರಲ್ಲಿ ತೆರೆದ ಕಾಲೇಜು ಅಂತರ್ಯುದ್ಧ ಶುರುವಾಗುತ್ತಲೇ ನಿಂತುಹೋಯಿತು. ಅದೇ ಜಾಗದಲ್ಲಿ 1869ರಿಂದ ವಿಲ್ಲರ್ಡ್ ಎಂಬ ಮಾನಸಿಕ ಆಸ್ಪತ್ರೆ ಇತ್ತು. ಈ ಹೆಂಗಸಿನ ತಾಯಿ ಅಲ್ಲಿ ದಾದಿಯಾಗಿದ್ದರಂತೆ. 1995ರಲ್ಲಿ ಆಸ್ಪತ್ರೆ ಮುಚ್ಚಿದಾಗ ಅಟ್ಟದ ಮೇಲೆ ರೋಗಿಗಳು ತಂದಿದ್ದ ನೂರಾರು ಪೆಟ್ಟಿಗೆಗಳು ಸಿಕ್ಕವು. “ಅಮ್ಮ ಅವುಗಳ ಸುದ್ದಿ ಓದಿ ಬಹಳ ಅತ್ತಳು. ಅದರಲ್ಲಿ ಕೆಲವರು ಅವಳಿಗೆ ಗೊತ್ತಿದ್ದವರು” ಎಂದರು. ಕಾಲೇಜಿನ ಭೂಮಿ ಹುಡುಕಿಕೊಂಡು ಬಂದ ನಮಗೆ ಆ ಮಾತಿನ ಮುಂದೆ ಕೇಳುವುದಕ್ಕೆ ಏನೂ ಉಳಿಯಲಿಲ್ಲ.

ಓವಿಡ್‌ನಲ್ಲಿ ಇಳಿಜಾರಿನ ಮೇಲೆ ಕಂಬಸಾಲಿನ ಮೂರು ಕೆಂಪು ಕಟ್ಟಡಗಳು, ದೊಡ್ಡದು, ನಡುವಿನದು, ಚಿಕ್ಕದು. ಊರವರು ಮೂರು ಕರಡಿಗಳು ಎನ್ನುತ್ತಾರೆ. ಬರುವಾಗ 215 ಅಡಿಯ ಟೌಘಾನಕ್ ಜಲಪಾತಕ್ಕೂ ಹೋದೆವು. ಕೆಳಗಿನ ದಾರಿ ಮಟ್ಟಸವಾಗಿದೆ, ಯಾರಾದರೂ ನಡೆಯಬಹುದು. ಕತ್ತಲಾಗುತ್ತಿತ್ತು, ಬೇಗ ಹಿಂದಿರುಗಿದೆವು.

ಸೋಮವಾರ: ಮೂಲೆಗಲ್ಲಿನ ಪತ್ರ

ಬೆಳಗ್ಗೆ ಸೇಜ್ ಹಾಲ್ ಮುಂದೆ ನಿಂತಾಗ ಬಿಸಿಲು ಬಂದಿತ್ತು. ಹೆಣ್ಣುಮಕ್ಕಳಿಗಾಗಿ ಹೆನ್ರಿ ಸೇಜ್ 2,50,000 ಡಾಲರ್ ಕೊಟ್ಟು ಕಟ್ಟಿಸಿದ ಕೆಂಪು ಇಟ್ಟಿಗೆಯ ಕಟ್ಟಡ ಇದು. 1867ರಲ್ಲೇ ಕಾರ್ನೆಲ್ ತನ್ನ ಪುಟ್ಟ ಮೊಮ್ಮಗಳು ಯೂನಿಸ್‌ಗೆ, ಹುಡುಗರಂತೆ ಹುಡುಗಿಯರೂ ಇಲ್ಲಿ ಓದಬೇಕೆಂಬುದು ನನ್ನ ಆಸೆ ಎಂದು ಪತ್ರ ಬರೆದಿದ್ದ. 1873ರಲ್ಲಿ ಈ ಕಟ್ಟಡಕ್ಕೆ ಮೂಲೆಗಲ್ಲು ಇಟ್ಟ ದಿನ ಇನ್ನೊಂದು ಪತ್ರವನ್ನು ಕಲ್ಲಿನೊಳಗೆ ಇರಿಸಿದ: ಈ ಪ್ರಯೋಗ ಸೋತರೆ ಯಾವ ಕಾರಣಕ್ಕೆ ಸೋತಿತು ಎಂದು ಮುಂದಿನವರಿಗೆ ಹೇಳುವ ಪತ್ರ. ಹುಡುಗ ಹುಡುಗಿಯರು ಕೂಡಿ ಓದುವುದರ ಬಗ್ಗೆಯೇ ಇರಬೇಕೆಂದು ಎಲ್ಲರೂ ನೂರು ವರ್ಷಕ್ಕೂ ಮೇಲೆ ನಂಬಿದ್ದರು. 1990ರ ದಶಕದಲ್ಲಿ ಕಟ್ಟಡದ ನವೀಕರಣದ ವೇಳೆ ತೆಗೆದು ಓದಿದರೆ ಅದರ ಮಾತೇ ಇರಲಿಲ್ಲ. ಆತ ಹೆದರಿದ್ದು ಪಂಥಗಳ ಜಗಳಕ್ಕೆ. ಯಾವುದೇ ಮತದವರಿಗೂ, ಎಲ್ಲ ಮತದವರಿಗೂ ಇಲ್ಲಿ ಸಮಾನ ಸ್ವಾಗತವಿರಬೇಕು ಎಂದು ಬರೆದಿದ್ದ. ಮದುವೆಯ ಕಾರಣಕ್ಕೆ ಪಂಥದಿಂದ ಹೊರಬಿದ್ದವನ ಕೈಬರಹ ಅದು. ಪಕ್ಕದ ಸೇಜ್ ಚಾಪೆಲ್‌ನಲ್ಲೇ ಆತನ ಸಮಾಧಿ. 1874ರ ಡಿಸೆಂಬರ್ 9ರಂದು ತೀರಿಕೊಂಡ. ಮೇಲೆ ಅಮೃತಶಿಲೆಯ ಮಲಗಿದ ಪ್ರತಿಮೆ.

ಹೊರಗೆ ಕಲ್ಲುಬೆಂಚಿನ ಮೇಲೆ ಕುಳಿತಾಗ ಅಕ್ಕನ ಮಗಳು, “ಮೌಶಿ, ಆ ಭೂಮಿ ಯಾರದು ಅಂತ ಕೇಳಲೇ ಇಲ್ಲ ನೀವು” ಎಂದಳು. ನಾವು ಕುಳಿತ ನೆಲ ಕಯೂಗಾ ಜನರದು. 1779ರಲ್ಲಿ ಅಮೆರಿಕದ ಸೈನ್ಯ ಅವರ ಊರು, ಹೊಲ, ಹಣ್ಣಿನ ತೋಟಗಳನ್ನು ಸುಟ್ಟು ಓಡಿಸಿತು. ಇನ್ನು ಹಕ್ಕುಪತ್ರದ ಭೂಮಿ. ಅನೇಕ ರಾಜ್ಯಗಳು ಒಟ್ಟಿಗೆ ಮಾರಲು ಹೊರಟಿದ್ದರಿಂದ ಎಕರೆಯ ಬೆಲೆ ಒಂದು ಡಾಲರಿಗಿಂತ ಬಹಳ ಕೆಳಗೆ ಬಿದ್ದಿತ್ತು. ಕಾರ್ನೆಲ್ ಹಕ್ಕುಪತ್ರಗಳನ್ನು ತಾನೇ ಕೊಂಡು, ವಿಸ್ಕಾನ್ಸಿನ್‌ನಲ್ಲಿ ಸುಮಾರು ಐದು ಲಕ್ಷ ಎಕರೆ ಪೈನ್ ಕಾಡು ಆರಿಸಿ, ಕಂದಾಯ ಕಟ್ಟುತ್ತ ವಿಶ್ವವಿದ್ಯಾಲಯಕ್ಕಾಗಿ ಹಿಡಿದಿಟ್ಟ. ಅದರ ಭಾರಕ್ಕೆ ತಾನೇ ಕುಸಿಯುವ ಹಂತಕ್ಕೆ ಬಂದ, ಭೂಮಿ ನುಂಗಿದವನೆಂಬ ಆರೋಪವನ್ನೂ ಹೊತ್ತ. ಆತ ಹೋದ ಮೇಲೆ ಆ ಕಾಡು ವಿಶ್ವವಿದ್ಯಾಲಯಕ್ಕೆ ಸುಮಾರು 50 ಲಕ್ಷ ಡಾಲರ್ ತಂದಿತು. ಆ ಪೈನ್ ಮರಗಳ ಕೆಳಗೆ ಓಜಿಬ್ವೆ ಜನ ತಲೆಮಾರುಗಳಿಂದ ಬಾಳಿದ್ದರು. ಕಾರ್ನೆಲ್ ಒಂದು ಪೈಸೆಯನ್ನೂ ತನಗೆಂದು ಇಟ್ಟುಕೊಳ್ಳಲಿಲ್ಲ ಎಂಬುದು ನಿಜ. ಕಾಡಿನ ಮೂಲ ಮಕ್ಕಳಿಗೆ ಅದರಿಂದ ಏನೂ ಸಿಗಲಿಲ್ಲ ಎಂಬುದೂ ಅಷ್ಟೇ ನಿಜ. ನನ್ನ ಗೌರವ ಕಡಿಮೆಯಾಗಿಲ್ಲ. ಆದರೆ ಆತನ ಲೆಕ್ಕದ ಆ ಪುಟವನ್ನು ಬಿಟ್ಟು ಕತೆ ಹೇಳುವುದು ನನ್ನಿಂದಾಗದು.

ವಿಸ್ಕಾನ್ಸಿನ್‌ನ ಚಿಪ್ಪೆವಾ ನದಿಯ ದಂಡೆಯಲ್ಲಿ ಕಾರ್ನೆಲ್ ಎಂಬ ಸಣ್ಣ ಊರಿದೆ, ಈತನದೇ ಹೆಸರು. ಮುಂದಿನ ಬಾರಿ ಅಲ್ಲಿಗೆ ಹೋಗಬೇಕೆಂದು ಬಸ್ಸಿನಲ್ಲೇ ಮಾತಾಡಿಕೊಂಡೆವು. ಪೈನ್ ಕಾಡಿನಲ್ಲಿ ಏನು ಉಳಿದಿದೆ ನೋಡಬೇಕು, ಓಜಿಬ್ವೆ ಜನ ಈ ಹೆಸರನ್ನು ಹೇಗೆ ನೆನೆಯುತ್ತಾರೆ ಎಂದು ಅವರ ಬಾಯಿಂದಲೇ ಕೇಳಬೇಕು. ನಮ್ಮ ಮನೆಯವರು ಒಪ್ಪಿದ್ದಾರೆ. ಹೊಸ ಬೂಟು ಕೊಳ್ಳಬೇಕಷ್ಟೆ.